ಹಕ್ಕು ಬಿಟ್ಟುಕೊಟ್ಟ ಕಾಗದ

ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಊರಿನ ಸೇಂಟ್ ಮೈಕೆಲ್ ಚರ್ಚಿನಲ್ಲಿ 1761ರಿಂದ ಪ್ರಾರ್ಥನೆ ನಡೆಯುತ್ತಿದೆ. ಸಂವಿಧಾನಕ್ಕೆ ಸಹಿ ಹಾಕಿದ ಜಾನ್ ರಟ್ಲೆಜ್, ಚಾರ್ಲ್ಸ್ ಕೋಟ್ಸ್‌ವರ್ತ್ ಪಿಂಕ್ನಿ ಇಬ್ಬರ ಸಮಾಧಿಯೂ ಅದರ ಅಂಗಳದಲ್ಲಿದೆ. ಅದರ 8 ಗಂಟೆಗಳು ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 1764ರಲ್ಲಿ ಎರಕ ಹೊಯ್ದವು. 1782ರಲ್ಲಿ ಬ್ರಿಟಿಷರು ಊರು ಬಿಡುವಾಗ ಹೊತ್ತೊಯ್ದರು, ಮತ್ತೆ ಬಂದವು. ಅಂತರ್ಯುದ್ಧದ ಹೊತ್ತಿನಲ್ಲಿ ಕಾಪಾಡಲೆಂದು ಕೊಲಂಬಿಯಾಕ್ಕೆ ಸಾಗಿಸಿದರೆ 1865ರಲ್ಲಿ ಅಲ್ಲಿಯೇ ಬೆಂಕಿಗೆ ಸಿಕ್ಕವು. ಪುನಃ ವೈಟ್‌ಚಾಪೆಲ್‌ಗೆ ಹೋಗಿ, ಹೊಸದಾಗಿ ಎರಕಗೊಂಡು 1867ರಲ್ಲಿ ಮರಳಿದವು. ಇಷ್ಟೆಲ್ಲ ಕಂಡ ಚರ್ಚು ಯಾರದು ಎಂಬ ಪ್ರಶ್ನೆ 2013ರಲ್ಲಿ ಕೋರ್ಟಿನ ಮೆಟ್ಟಿಲೇರಿತು.

ಜಗಳದ ಹಿನ್ನೆಲೆ ಬಹುಮಂದಿಗೆ ಗೊತ್ತು. ಅಮೆರಿಕದ ಆಂಗ್ಲಿಕನ್ ಶಾಖೆಯಾದ ಎಪಿಸ್ಕೋಪಲ್ ಚರ್ಚ್, ಸಲಿಂಗ ಸಂಬಂಧದಲ್ಲಿದ್ದುದನ್ನು ಬಹಿರಂಗವಾಗಿ ಹೇಳಿಕೊಂಡಿದ್ದ ಜೀನ್ ರಾಬಿನ್ಸನ್ ಅವರನ್ನು 2003ರಲ್ಲಿ ಬಿಷಪ್ ಮಾಡಿತು. ಬೈಬಲ್ಲಿನ ಅಧಿಕಾರದ ಬಗ್ಗೆ ಭಿನ್ನಮತ ಬೆಳೆಯಿತು. 2012ರಲ್ಲಿ ಬಿಷಪ್ ಮಾರ್ಕ್ ಲಾರೆನ್ಸ್ ನೇತೃತ್ವದ ದಕ್ಷಿಣ ಕೆರೊಲಿನಾ ಧರ್ಮಪ್ರಾಂತ್ಯ ಹೊರಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಧರ್ಮಶಾಸ್ತ್ರದ ವಾದವಲ್ಲ, ತೀರ್ಪುಗಳೊಳಗೆ ಸಿಕ್ಕ ಹಳೆಯ ಕಾಗದಗಳು.

2017ರ ರಾಜ್ಯ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹುಡುಕಾಟ ಆರಂಭಿಸಿದೆ. ಐವರು ನ್ಯಾಯಮೂರ್ತಿಗಳು, ಐದು ಪ್ರತ್ಯೇಕ ಅಭಿಪ್ರಾಯಗಳು. ಎಲ್ಲರೂ ಮುಖಾಮುಖಿಯಾಗುವುದು 1979ರ ಡೆನಿಸ್ ಕ್ಯಾನನ್ ಎಂಬ ನಿಯಮಕ್ಕೆ: ಪ್ಯಾರಿಷ್ ಅಂದರೆ ಸ್ಥಳೀಯ ಚರ್ಚಿನ ಹೆಸರಿನ ಆಸ್ತಿಯೂ ರಾಷ್ಟ್ರೀಯ ಚರ್ಚಿಗಾಗಿ ಟ್ರಸ್ಟ್ ಆಗಿರುತ್ತದೆ ಎಂಬುದು ಅದರ ಸಾರ. ಎಲ್ಲರೂ ಮತ್ತೆ ಮತ್ತೆ ಹಿಂದಿರುಗುವುದು 2009ರ ಇನ್ನೊಂದು ತೀರ್ಪಿಗೆ. ಅದು ಪಾಲೀಸ್ ಐಲ್ಯಾಂಡ್‌ನ ಆಲ್ ಸೇಂಟ್ಸ್ ಪ್ಯಾರಿಷ್ ಮೊಕದ್ದಮೆ.

ಅಲ್ಲಿ ಎರಡು ಪತ್ರಗಳಿವೆ. 1745ರಲ್ಲಿ ಪರ್ಸಿವಲ್ ಪಾಲಿ ಎಂಬವರು ವಾಕಮಾ ಪ್ರದೇಶದ ನಿವಾಸಿಗಳ ಉಪಯೋಗಕ್ಕೆಂದು ಧರ್ಮದರ್ಶಿಗಳಿಗೆ ಬರೆದುಕೊಟ್ಟ ಜಮೀನಿನ ಪತ್ರ ಮೊದಲನೆಯದು. ಆಗ ಅಮೆರಿಕ ಎಂಬ ದೇಶವೂ ಇರಲಿಲ್ಲ, ಎಪಿಸ್ಕೋಪಲ್ ಚರ್ಚೂ ಇರಲಿಲ್ಲ. ಎರಡನೆಯದು 1903ರದು: ಧರ್ಮಪ್ರಾಂತ್ಯವೇ ಪ್ಯಾರಿಷ್‌ಗೆ ಮಾಡಿಕೊಟ್ಟ ಹಕ್ಕು ಬಿಡುಗಡೆ ಪತ್ರ. ತನಗೆ ಹಕ್ಕೇ ಇಲ್ಲದ ಆಸ್ತಿಯ ಮೇಲೆ ಯಾರೂ ಟ್ರಸ್ಟ್ ಘೋಷಿಸಲಾರರು ಎಂದ ಕೋರ್ಟು, ಪ್ಯಾರಿಷ್ ಪರವಾಗಿ ನಿಂತಿತು.

ಇಲ್ಲಿ ಎದುರುಪಕ್ಷ ಯಾರೆಂದು ನೋಡಿ. 2000ದಲ್ಲಿ ಜಾರ್ಜ್‌ಟೌನ್ ಕೌಂಟಿಯಲ್ಲಿ ಡೆನಿಸ್ ಕ್ಯಾನನ್ನಿನ ನೋಟಿಸ್ ನೋಂದಾಯಿಸಿ ಈ ವ್ಯಾಜ್ಯಕ್ಕೆ ಕಾರಣವಾಗಿದ್ದು ಅದೇ ದಕ್ಷಿಣ ಕೆರೊಲಿನಾ ಧರ್ಮಪ್ರಾಂತ್ಯ! ಅಲ್ಲಿ ಸೋತ ಮೇಲೆ, 2011ರಲ್ಲಿ ಅದೇ ಸಂಸ್ಥೆ ತನ್ನ ಪ್ಯಾರಿಷ್‌ಗಳಿಗೆಲ್ಲ ಹಕ್ಕು ಬಿಡುಗಡೆ ಪತ್ರ ಕಳಿಸಿತು. ಮರುವರ್ಷ ತಾನೇ ಹೊರಬಂತು. ಸೋತವರು ಗೆದ್ದವರಿಂದ ಕಲಿತರು ಎಂದೇ ನಾನು ಓದುತ್ತೇನೆ.

2017ರ ತೀರ್ಪಿನಲ್ಲಿ 29 ಪ್ಯಾರಿಷ್‌ಗಳ ಆಸ್ತಿ ಎಪಿಸ್ಕೋಪಲ್ ಚರ್ಚಿನ ಪಾಲಾದಂತೆ ಕಂಡಿತ್ತು. ಕೆಳ ಕೋರ್ಟು ಅದನ್ನು ಬೇರೆ ರೀತಿ ಅರ್ಥೈಸಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಒಂದೊಂದೇ ಪ್ಯಾರಿಷ್‌ನ ಉಪನಿಯಮ, ಠರಾವುಗಳನ್ನು ಬಿಚ್ಚಿ ಕೂತಿತು. ಡೆನಿಸ್ ಕ್ಯಾನನ್ನಿಗೆ ಒಳಪಡುತ್ತೇವೆಂದು ನೀವು ಸ್ಪಷ್ಟವಾಗಿ ಬರೆದುಕೊಟ್ಟಿದ್ದಿರಾ ಎಂಬುದೊಂದೇ ಪ್ರಶ್ನೆ. ಹಿಂದೊಮ್ಮೆ ಸಭೆಯಲ್ಲಿ ಹೆಚ್ಚು ಚರ್ಚೆಯಿಲ್ಲದೆ ಸೇರಿದ್ದಿರಬಹುದಾದ ಒಂದು ವಾಕ್ಯ, ತಲೆಮಾರುಗಳ ಪ್ರಾರ್ಥನಾಮಂದಿರದ ಬೀಗದ ಕೈ ಯಾರಿಗೆಂದು ತೀರ್ಮಾನಿಸಿತು. ಮದುವೆ, ನಾಮಕರಣ, ಶವಸಂಸ್ಕಾರ ಎಲ್ಲವನ್ನೂ ಅಲ್ಲೇ ಮಾಡಿಕೊಂಡು ಬಂದವರ ಸಂಕಟ ಆ ತೀರ್ಪಿನ ಪುಟಗಳಲ್ಲಿ ಸಿಗುವುದಿಲ್ಲ. ಆದರೂ ಓದುವಾಗ ಅದನ್ನು ಮರೆಯಲಾಗಲಿಲ್ಲ.

ಮೊದಲು 14 ಪ್ಯಾರಿಷ್‌ಗಳು ಎಪಿಸ್ಕೋಪಲ್ ಕಡೆಗೆ ಹೋದವು. ಆಗಸ್ಟ್‌ನ ಮರುಪರಿಶೀಲನೆಯಲ್ಲಿ 6 ಹಿಂದೆ ಬಂದವು, 8 ಉಳಿದವು. ಸೇಂಟ್ ಮೈಕೆಲ್, ಅದೇ ಊರಿನ ಸೇಂಟ್ ಫಿಲಿಪ್ ಚರ್ಚು ಎರಡೂ ಹೊರಬಂದವರ ಕೈಯಲ್ಲೇ ಇವೆ. ಧರ್ಮಪ್ರಾಂತ್ಯದ ಹಳೆಯ ಹೆಸರು ಮಾತ್ರ 2019ರ ಫೆಡರಲ್ ಕೋರ್ಟ್ ತೀರ್ಪಿನಂತೆ ಎಪಿಸ್ಕೋಪಲ್ ಪಕ್ಷಕ್ಕೆ ಸೇರಿತು. ಈ ಇತಿಹಾಸದ ಬೆನ್ನು ಹತ್ತುವವರು 2017ರ ತೀರ್ಪಿನ ಗೋಜಲಿಗೆ ಇಳಿಯುವ ಮುನ್ನ 2009ರ ಆಲ್ ಸೇಂಟ್ಸ್ ತೀರ್ಪನ್ನು ಓದಿಕೊಳ್ಳಿ.