ಮಾಣಿಕ ಎಂಬ ಹೆಸರಿನ ತವರು

ಹಳೇ ಮೈಸೂರು ಕಡೆ ಗಂಡುಮಗುವಿಗೆ ಮಾಣಿಕ ಎಂದು ಹೆಸರಿಡುವವರು ಅಪರೂಪ. ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಾದರೋ ಮಾಣಿಕಪ್ಪ, ಮಾಣಿಕಮ್ಮ, ಮಾಣಿಕ್ ರಾವ್ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. 1970ರ ದಶಕದಲ್ಲಿ ತಾಂಡೂರಿನ ಶಾಸಕರಾಗಿದ್ದವರು ಒಬ್ಬ ಮಾಣಿಕ್ ರಾವ್. 2018ರಲ್ಲೂ 2023ರಲ್ಲೂ ಜಹೀರಾಬಾದಿನಿಂದ ಗೆದ್ದವರು ಇನ್ನೊಬ್ಬ ಮಾಣಿಕ್ ರಾವ್. ಜಹೀರಾಬಾದ್ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ ಎಂಬುದನ್ನು ಗಮನಿಸಿದರೆ, ಈ ಹೆಸರು ಒಂದು ಜಾತಿಯ ಸೊತ್ತಾಗಿ ಉಳಿದಿಲ್ಲ ಎಂಬುದೂ ತಿಳಿಯುತ್ತದೆ. ಇದರ ಬೇರು ನವರತ್ನದ ಕೆಂಪುಕಲ್ಲಿಗಿಂತ ಹೆಚ್ಚಾಗಿ ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿದೆ ಎಂಬುದು ನನ್ನ ವಾದ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯಂದು ಹುಟ್ಟಿದ ಮಾಣಿಕ ಪ್ರಭುಗಳು 1865ರಲ್ಲಿ ಸಮಾಧಿಯಾದದ್ದು ಈ ಮಾಣಿಕನಗರದಲ್ಲಿಯೇ. ಎಲ್ಲ ಮತಗಳನ್ನೂ ಒಪ್ಪುವ ಅವರ ಸಕಲಮತ ಸಂಪ್ರದಾಯಕ್ಕೆ ಹಿಂದೂಗಳಂತೆ ಮುಸಲ್ಮಾನರೂ ನಡೆದುಕೊಂಡರು. ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದ ಗುರುವಿನ ಹೆಸರು ಒಂದೇ ಭಾಷೆಯವರ ಮನೆಯಲ್ಲಿ ನಿಲ್ಲಲು ಕಾರಣವೂ ಇರಲಿಲ್ಲ.

ಮಾಣಿಕ್ಯ ಎಲ್ಲ ಕಡೆಯೂ ಇರುವ ಮಾತಲ್ಲವೇ, ತಮಿಳಿನ ಮಾಣಿಕ್ಕವಾಚಕರು ಇದ್ದದ್ದು ಎಷ್ಟು ಹಿಂದೆ ಎಂದು ಯಾರಾದರೂ ಕೇಳಬಹುದು. ಮಹಾರಾಷ್ಟ್ರದಲ್ಲಿ ಮಾಣಿಕರಾವ್ ಧಾರಾಳ. ಗಾಯಕಿ ಮಾಣಿಕ್ ವರ್ಮಾ ಅವರನ್ನು ನೆನೆದರೆ ಅಲ್ಲಿ ಅದು ಹೆಣ್ಣಿನ ಹೆಸರೂ ಹೌದು. ಆಕ್ಷೇಪದಲ್ಲಿ ಹುರುಳಿದೆ. ಪ್ರಭುಗಳಿಗೇ ತಂದೆತಾಯಿ ಆ ಹೆಸರಿಟ್ಟಿದ್ದರು ಎಂದ ಮೇಲೆ ಅದು ಅವರಿಗಿಂತ ಹಳೆಯದೇ. ಆದರೆ ಹೆಸರು ಹುಟ್ಟುವುದು ಬೇರೆ, ಒಂದು ಸೀಮೆಯಲ್ಲಿ ತಲೆಮಾರುಗಟ್ಟಲೆ ಬಾಳುವುದು ಬೇರೆ. ಇಲ್ಲಿ ಮಗುವಿಗೆ ಬರೀ ಮಾಣಿಕ ಎನ್ನದೆ 'ಮಾಣಿಕ ಪ್ರಭು' ಎಂದೇ ಇಡುವುದುಂಟು. ಕಲ್ಲನ್ನು ನೆನೆದು ಹೆಸರಿಡುವವರು ಪ್ರಭು ಎಂಬುದನ್ನು ಯಾಕೆ ಸೇರಿಸಿಯಾರು? ಹತ್ತಿರದ ದೇವರ ಹೆಸರಿಡುವ ರೂಢಿಯಂತೂ ಇಲ್ಲಿ ಗಟ್ಟಿಯಾಗಿದೆ. ಝರಾಸಂಗದಲ್ಲಿ ಕೇತಕಿ ಸಂಗಮೇಶ್ವರ ಇರುವ ಸೀಮೆಯಲ್ಲಿ ಸಂಗಪ್ಪ, ಸಂಗಮ್ಮಂದಿರಿಗೆ ಬರವಿಲ್ಲ. ಸಂಗಪ್ಪ ಎಂದೊಡನೆ ಕೂಡಲಸಂಗಮವನ್ನೇ ನೆನೆಯುವ ನಮ್ಮ ಅಭ್ಯಾಸವನ್ನು ಈ ಸೀಮೆಯ ಮಟ್ಟಿಗಾದರೂ ಸಡಿಲಿಸಬೇಕು.

ಮಾಣಿಕನಗರ ಕರ್ನಾಟಕದಲ್ಲಿದೆ, ಈ ಊರುಗಳು ತೆಲಂಗಾಣದಲ್ಲಿವೆ ಎಂಬ ಇನ್ನೊಂದು ಆಕ್ಷೇಪ ಇಂದಿನ ನಕ್ಷೆ ನೋಡಿ ಹುಟ್ಟಿದ್ದು. ಪ್ರಭುಗಳ ಕಾಲಕ್ಕೆ ಇವೆಲ್ಲವೂ ನಿಜಾಮರ ರಾಜ್ಯದವು. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಹುಮನಾಬಾದಿನಂತೆಯೇ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿಗೆ ಸೇರಿತ್ತು. ಅಂದು ಜಹೀರಾಬಾದ್ ತಾಲೂಕಿನ ನಿರ್ಣಾ ಹೋಬಳಿಯೊಂದು ಮಾತ್ರ ಮೈಸೂರು ರಾಜ್ಯದ ಪಾಲಿಗೆ ಬಂತು, ಉಳಿದದ್ದು ಆಂಧ್ರದ ಕಡೆ ಹೋಯಿತು. ಸೋಲಾಪುರ–ಹೈದರಾಬಾದ್ ಹೆದ್ದಾರಿ ಇಂದಿಗೂ ಹುಮನಾಬಾದನ್ನು ಹಾಯ್ದೇ ಜಹೀರಾಬಾದಿಗೆ ಬರುತ್ತದೆ. ದತ್ತ ಜಯಂತಿಗೆ ಮಾಣಿಕನಗರಕ್ಕೆ ಹೊರಟವರಿಗೆ ದಾರಿ ಅದೇ.