ಹನ್ನೊಂದು ತಿಂಗಳ ಲೆಕ್ಕ

ನಾನು ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಇದ್ದಾಗ ಟೀಮಿನ ಯಹೂದಿ ಗೆಳೆಯನೊಬ್ಬ ದಿನಾ ಬೆಳಿಗ್ಗೆ ಸಿನಗಾಗ್‌ಗೆ ಹೋಗಿಯೇ ಆಫೀಸಿಗೆ ಬರುತ್ತಿದ್ದ. ಅವನ ಅಪ್ಪ ತೀರಿಕೊಂಡಿದ್ದರು, ಅವರಿಗಾಗಿ 'ಕದ್ದಿಷ್' ಹೇಳಬೇಕಿತ್ತು. ಸರಿಯಾಗಿ ಹನ್ನೊಂದು ತಿಂಗಳಿಗೆ ನಿಲ್ಲಿಸಿಬಿಟ್ಟ. "ಇನ್ನೂ ವರ್ಷ ತುಂಬಲಿಲ್ಲವಲ್ಲ?" ಅಂದೆ. "ಅಪ್ಪನ ಮರ್ಯಾದೆ ಪ್ರಶ್ನೆ" ಅಂತ ನಕ್ಕ. ಅವತ್ತಿನಿಂದ ಈ ವಿಷಯದ ಬೆನ್ನು ಹತ್ತಿದೆ.

ಕದ್ದಿಷ್ ಬಹುಮಟ್ಟಿಗೆ ಅರಾಮಿಕ್ ಭಾಷೆಯ ಪ್ರಾರ್ಥನೆ. ಶೋಕದಲ್ಲಿರುವವರು ದಿನಾ ಹೇಳುವ ಕದ್ದಿಷ್‌ನಲ್ಲಿ ಸಾವಿನ ಮಾತೇ ಇಲ್ಲ, ಪೂರ್ತಿ ದೇವರ ಸ್ತುತಿ. ಹಾಗಾದರೆ ಸತ್ತವರಿಗೆ ಇದರಿಂದೇನು ಲಾಭ?

ಮಧ್ಯಯುಗದ ಪುಸ್ತಕಗಳಲ್ಲಿ ಒಂದು ಕಥೆ ಇದೆ. ಇದ್ದಿಲಿನಂತೆ ಕಪ್ಪಾದ ಮನುಷ್ಯನೊಬ್ಬ ಸೌದೆ ಹೊರೆ ಹೊತ್ತು ಓಡುತ್ತಿದ್ದನ್ನು ರಬ್ಬಿ ಅಕಿವ ನೋಡುತ್ತಾರೆ. ಅವನು ಸತ್ತವನು! ಬದುಕಿದ್ದಾಗ ತೆರಿಗೆ ವಸೂಲಿಗಾರನಾಗಿ ಬಡವರನ್ನು ಹಿಂಸಿಸಿದ್ದ. ಈಗ ತಾನೇ ಹೊತ್ತು ತಂದ ಸೌದೆಯಲ್ಲಿ ದಿನಾ ಸುಡುವುದು ಅವನಿಗೆ ಶಿಕ್ಷೆ. ಅಕಿವ ಅವನ ಮಗನನ್ನು ಹುಡುಕಿ, ಓದು ಕಲಿಸಿ, ಸಭೆಯಲ್ಲಿ ನಿಂತು ದೇವರನ್ನು ಸ್ತುತಿಸುವಂತೆ ಮಾಡುತ್ತಾರೆ. ಅಪ್ಪನಿಗೆ ಬಿಡುಗಡೆ.

1096ರಲ್ಲಿ ಶಿಲುಬೆ ಯುದ್ಧಕ್ಕೆ ಹೊರಟವರು ವರ್ಮ್ಸ್, ಮೈಂಜ್ ಊರುಗಳ ಯಹೂದಿಗಳನ್ನು ಕೊಂದರು. ಆಮೇಲಿನ ಶತಮಾನಗಳಲ್ಲಿ ಜರ್ಮನಿ, ಫ್ರಾನ್ಸ್ ಕಡೆ ಕದ್ದಿಷ್ ಶೋಕದ ಪ್ರಾರ್ಥನೆಯಾಗಿ ಬೇರೂರಿತು.

ಎಲ್ಲರೂ ಇದನ್ನು ಒಪ್ಪಿದರಾ? ಇಲ್ಲ. 12ನೇ ಶತಮಾನದಲ್ಲಿ ಬಾರ್ಸಿಲೋನಾದ ಅಬ್ರಹಾಂ ಬಾರ್ ಹಿಯ್ಯ, ಮಕ್ಕಳ ಪ್ರಾರ್ಥನೆ ಸತ್ತ ಮೇಲೆ ಕಾಪಾಡುತ್ತದೆ ಅನ್ನುವುದು ಹುಸಿ ಆಸೆ ಎಂದು ಬರೆದ. ನಮ್ಮ ಭಾಷೆಯಲ್ಲಿ, ಮಾಡಿದ್ದುಣ್ಣೋ ಮಹರಾಯ!

ಆದರೆ ತಾಲ್ಮುದ್‌ನಲ್ಲಿ ಒಂದು ಸೂತ್ರ ಇದೆ: ಮಗ ಅಪ್ಪನಿಗೆ ಪುಣ್ಯ ತರಬಲ್ಲ, ಅಪ್ಪ ಮಗನಿಗೆ ತರಲಾರ. ಒಬ್ಬರ ಅಕೌಂಟಿನಿಂದ ಇನ್ನೊಬ್ಬರದಕ್ಕೆ ಟ್ರಾನ್ಸ್‌ಫರ್ ಮಾಡಿದಂತೆ ಅಲ್ಲ ಇದು. ಮಗನ ಒಳ್ಳೆಯತನ ಅಪ್ಪ ಬಿಟ್ಟುಹೋದ ಕೆಲಸವೇ ಅಂತ ನಾನು ಅರ್ಥ ಮಾಡಿಕೊಂಡೆ. ದಾನದ ಬಗ್ಗೆ ವರ್ಮ್ಸ್‌ನ ರಬ್ಬಿ ಎಲಿಯಾಜರ್ ಹೇಳಿದ್ದೂ ಹತ್ತಿರದ್ದೇ. ಸತ್ತವನು ಬದುಕಿದ್ದರೆ ತಾನೇ ಕೊಡುತ್ತಿದ್ದನಾ ಅನ್ನುವುದು ದೇವರಿಗೆ ಗೊತ್ತು, ಕೊಡುವಂಥವನಾಗಿದ್ದರೆ ಮಾತ್ರ ಅದು ಅವನಿಗೆ ಸಲ್ಲುತ್ತದೆ.

ಈಗ ಹನ್ನೊಂದರ ಲೆಕ್ಕ. ಮಿಷ್ನಾ ಪ್ರಕಾರ ಪಾಪಿಗಳಿಗೆ ನರಕದಲ್ಲಿ 12 ತಿಂಗಳ ಶಿಕ್ಷೆ. ಪೂರ್ತಿ 12 ತಿಂಗಳು ಕದ್ದಿಷ್ ಹೇಳಿದರೆ ಅಪ್ಪನನ್ನು ಪಾಪಿ ಅಂತ ಒಪ್ಪಿಕೊಂಡ ಹಾಗೆ! ಅದಕ್ಕೇ ಹನ್ನೊಂದು ಎನ್ನುವ ರೂಢಿಯನ್ನು 16ನೇ ಶತಮಾನದಲ್ಲಿ ಕ್ರಾಕೋವ್‌ನ ರಬ್ಬಿ ಮೋಸೆಸ್ ಇಸ್ಸರ್ಲಿಸ್ ದಾಖಲಿಸಿದರು.

ಗಂಡುಮಕ್ಕಳಿಲ್ಲದಿದ್ದರೆ? 1916ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಜೋಲ್ಡ್ ತಾಯಿ ತೀರಿಕೊಂಡರು. ಆ ತಾಯಿಗೆ ಎಂಟೂ ಹೆಣ್ಣುಮಕ್ಕಳು. ಕುಟುಂಬದ ಸ್ನೇಹಿತರೊಬ್ಬರು ತಾನು ಕದ್ದಿಷ್ ಹೇಳುತ್ತೇನೆಂದರು. ಜೋಲ್ಡ್ ಧನ್ಯವಾದ ಹೇಳಿ, ಒಪ್ಪಲಿಲ್ಲ. ಗಂಡುಮಗ ಇಲ್ಲವೆಂದು ತಂದೆ ತಾಯಿ ಎಂದೂ ಕೊರಗಿರಲಿಲ್ಲ. ತಂದೆ ಹೋದಾಗಲೂ ಹೆಣ್ಣುಮಕ್ಕಳ ಜಾಗಕ್ಕೆ ಬೇರೆಯವರು ಬರಲು ತಾಯಿ ಬಿಟ್ಟಿರಲಿಲ್ಲ. ಹಾಗಾಗಿ ತಾನೇ ಹೇಳುತ್ತೇನೆ ಅಂತ ಪತ್ರ ಬರೆದರು.

ಸತ್ತವರಿಗೆ ತಲುಪುತ್ತದಾ? ನನಗಂತೂ ಗೊತ್ತಿಲ್ಲ. ಆದರೆ ಅಪ್ಪ ಅಮ್ಮ ಏನಾಗಿದ್ದರು ಅನ್ನುವುದಕ್ಕೆ ಜೋಲ್ಡ್‌ರ ಆ ಪತ್ರಕ್ಕಿಂತ ಒಳ್ಳೇ ಸಾಕ್ಷಿ ಬೇಕಾ? ನಿಮಗೇನನ್ನಿಸುತ್ತೆ?