ಚಾಲಕರೊಡನೆ ಮಾತನಾಡಬಾರದು

ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ಶಾಲೆಗೆ ದಿನವೂ ಬಸ್ಸಿನಲ್ಲಿಯೇ ಹೋಗಿಬರುತ್ತಿದ್ದೆ. ಚಾಲಕನ ಆಸನದ ಬಳಿ ‘ಚಾಲಕರೊಡನೆ ಮಾತನಾಡಬಾರದು’ ಎಂಬ ಬರಹವಿರುತ್ತಿತ್ತು. ಅದರ ಪಕ್ಕದಲ್ಲಿಯೇ ಕುಳಿತು ಮಳೆ, ಬೆಳೆ, ಮದುವೆಗಳ ಸುದ್ದಿಯನ್ನು ಚಾಲಕನ ಕಿವಿಗೆ ಹಾಕುವವರಿಗೇನೂ ಕೊರತೆಯಿರಲಿಲ್ಲ. ಆ ಬರಹದ ವಿಶೇಷವೊಂದು ನನಗೆ ಬಹಳ ತಡವಾಗಿ ಹೊಳೆಯಿತು. ಅದು ಚಾಲಕನಿಗೆ ಹೇಳಿದ ಮಾತಲ್ಲ, ನಮಗೆ ಹೇಳಿದ ಮಾತು.

ಚಾಲಕನ ಗಮನವನ್ನು ಕದಿಯುವ ವಸ್ತುಗಳ ಚರಿತ್ರೆ ಮೊಬೈಲಿನಿಂದ ಆರಂಭವಾದುದಲ್ಲ. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸೋದರರು ‘ಮೊಟೊರೋಲಾ’ ಎಂಬ ಕಾರ್ ರೇಡಿಯೋವನ್ನು ಮಾರುಕಟ್ಟೆಗೆ ತಂದರು. ಹಾಡು ಕೇಳುತ್ತ ವಾಹನ ನಡೆಸಿದರೆ ಅಪಘಾತವಾಗದೇ ಎಂಬ ಚರ್ಚೆ ಆಗಲೇ ಎದ್ದಿತು. ಕಾರಿನಲ್ಲಿ ರೇಡಿಯೋವನ್ನು ನಿಷೇಧಿಸಬೇಕೆಂಬ ಸಲಹೆಗಳೂ ಬಂದವು. 1946ರ ಜೂನ್ 17ರಂದು ಸೇಂಟ್ ಲೂಯಿಸ್ ನಗರದಲ್ಲಿ ಕಾರಿನೊಳಗಿನ ದೂರವಾಣಿ ಸೇವೆ ಆರಂಭವಾಯಿತು. ಅದರ ಯಂತ್ರಸಾಮಗ್ರಿಯ ತೂಕವೇ ಸುಮಾರು 36 ಕಿಲೋ! ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಸುಖ್‌ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದರು. ಮುಂದೆ ಆ ಉಪಕರಣ ಎಲ್ಲರ ಜೇಬು ಸೇರಿತು.

ಅಪಾಯವೆಷ್ಟು ಎಂಬುದನ್ನು ಅಳೆದು ತೋರಿಸಿದವರಲ್ಲಿ ಟೊರಾಂಟೊದ ರೆಡೆಲ್ಮೈಯರ್ ಮತ್ತು ಟಿಬ್ಶಿರಾನಿ ಪ್ರಮುಖರು. ಅಪಘಾತಕ್ಕೆ ಸಿಲುಕಿದ್ದ 699 ಚಾಲಕರ ಫೋನ್ ಬಿಲ್ಲುಗಳನ್ನು ಪರಿಶೀಲಿಸಿ, ಫೋನಿನಲ್ಲಿ ಮಾತನಾಡುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು 1997ರಲ್ಲಿ ಅವರು ಪ್ರಕಟಿಸಿದರು. ಕೈಯಲ್ಲಿ ಹಿಡಿಯದೆ ಮಾತನಾಡುವ ಫೋನಿನಿಂದ ಸುರಕ್ಷತೆಯೇನೂ ಹೆಚ್ಚಿದಂತೆ ಅವರಿಗೆ ಕಂಡುಬರಲಿಲ್ಲ.

ಆದರೂ ಕಾನೂನು ಹಿಡಿದದ್ದು ಕೈಯನ್ನೇ. ಬ್ರಿಟನ್ 2003ರ ಡಿಸೆಂಬರಿನಲ್ಲಿ ಕೈಫೋನನ್ನು ನಿಷೇಧಿಸಿತು. ನಮ್ಮ ಮೋಟಾರು ವಾಹನ ಕಾಯಿದೆಯ 184ನೆಯ ಕಲಮಿಗೂ 2019ರ ತಿದ್ದುಪಡಿಯಲ್ಲಿ ‘ಕೈಯಲ್ಲಿ ಹಿಡಿದ’ ಸಂಪರ್ಕ ಸಾಧನದ ಬಳಕೆ ಸೇರಿತು. ಮೊದಲ ತಪ್ಪಿಗೆ 1,000ದಿಂದ 5,000 ರೂಪಾಯಿಗಳವರೆಗೆ ದಂಡ, ಅಥವಾ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ, ಅಥವಾ ಎರಡೂ. ಇದು ಅಗತ್ಯವೇ ಸರಿ. ಕೈ ಪೋಲೀಸರ ಕಣ್ಣಿಗೆ ಬೀಳುತ್ತದೆ. ಮನಸ್ಸು ಎಲ್ಲಿದೆಯೆಂದು ಯಾರಿಗೆ ಕಾಣುತ್ತದೆ?

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆಂದು ಕಾರಿನಲ್ಲಿ ಊರಿಗೆ ಬರುತ್ತಿದ್ದ ಮಗನಿಗೆ, “ಎಲ್ಲಿದ್ದೀಯಪ್ಪಾ?” ಎಂದು ಮೂರನೆಯ ಸಲ ಫೋನ್ ಮಾಡಿದೆ. ಅವನ ಎರಡೂ ಕೈಗಳು ಸ್ಟಿಯರಿಂಗಿನ ಮೇಲೆಯೇ ಇದ್ದವು. ನನ್ನ ದನಿ ಕಾರಿನ ಸ್ಪೀಕರಿನಲ್ಲಿ ಕೇಳುತ್ತಿತ್ತು. ಮನೆಯ ತೆರಿಗೆಯ ವಿಷಯವನ್ನು ವಿವರಿಸುತ್ತಿದ್ದೆ. ಬ್ರೇಕಿನ ಸದ್ದು, ಯಾರೋ ಕೂಗಿದ್ದು, ಅನಂತರ ಮೌನ. ಅವನು ಮತ್ತೆ ಫೋನ್ ಮಾಡುವವರೆಗಿನ ಆ ಹತ್ತು ನಿಮಿಷಗಳನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಮೊಪೆಡ್ ಸವಾರರೊಬ್ಬರು ಬಿದ್ದು ಮೊಣಕಾಲಿಗೆ ಗಾಯವಾಗಿತ್ತು, ಜೀವಕ್ಕೆ ಅಪಾಯವಿರಲಿಲ್ಲ. “ಅಪ್ಪಾ, ಅವರು ನನ್ನ ಎದುರಿಗೇ ಇದ್ದರು. ಕಾಣಲೇ ಇಲ್ಲ,” ಎಂದ.

ಅವನು ಸುಳ್ಳು ಹೇಳಿರಲಿಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಫೋನಿನಲ್ಲಿ ಮಾತನಾಡುತ್ತಿದ್ದ ಚಾಲಕರು ತಾವು ನೇರವಾಗಿ ನೋಡಿದ ವಸ್ತುಗಳನ್ನೂ ಆಮೇಲೆ ಸರಿಯಾಗಿ ಗುರುತಿಸಲಾರದೆ ಹೋದರು. ಕಣ್ಣು ನೋಡಿತ್ತು, ಮನಸ್ಸು ಕಂಡಿರಲಿಲ್ಲ. ಪಕ್ಕದಲ್ಲಿ ಕುಳಿತವನಾದರೋ ಎದುರಿಗೆ ಲಾರಿ ಬಂದರೆ ತಾನಾಗಿ ಮಾತು ನಿಲ್ಲಿಸುತ್ತಾನೆ. ದೂರದಲ್ಲಿ ಜಗಲಿಯ ಮೇಲೆ ಕುಳಿತ ನನಗೆ ರಸ್ತೆ ಕಾಣುವುದೆಂತು? ಗಂಟೆಗೆ 60 ಕಿಲೋಮೀಟರ್ ವೇಗದ ಕಾರು, ನಾನೊಂದು ವಾಕ್ಯ ಮುಗಿಸುವ ಮೂರು ಸೆಕೆಂಡಿನಲ್ಲಿ 50 ಮೀಟರ್ ದಾಟಿರುತ್ತದೆ.

ಆ ಅಪಘಾತಕ್ಕೆ ಮಗನನ್ನು ಬೈದವರುಂಟು; ನನ್ನನ್ನು ಯಾರೂ ಬೈಯಲಿಲ್ಲ. ಈಗ ಯಾರಿಗೆ ಫೋನ್ ಮಾಡಿದರೂ ನನ್ನ ಮೊದಲ ಪ್ರಶ್ನೆ, “ಗಾಡಿ ಓಡಿಸುತ್ತಿದ್ದೀಯಾ?” ಎಂಬುದು. ಹೌದೆಂದರೆ, “ಊರು ಸೇರಿದ ಮೇಲೆ ಮಾತನಾಡೋಣ,” ಎಂದು ಫೋನ್ ಇಟ್ಟುಬಿಡುತ್ತೇನೆ. ಹಳೆಯ ಬಸ್ಸಿನ ಆ ಬರಹವನ್ನು ಪಾಲಿಸಲು ನನಗೆ ಇಷ್ಟು ವರ್ಷ ಬೇಕಾಯಿತು.